‘ಮಳೆಯಂತೆ’: ಮೈಸೂರಿನ ಮಳೆಮಾತನ್ನು ಕುರಿತು

ಜೂನ್ ತಿಂಗಳ ಎರಡನೆಯ ವಾರದ ಒಂದು ಬೆಳಗು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ಬಂದ ಇಬ್ಬರು ಹಿರಿಯರು ಎದುರಾಗುತ್ತಾರೆ. ಒಬ್ಬರು ಕಾಲೇಜೊಂದರಲ್ಲಿ ಗ್ರಂಥಪಾಲಕರಾಗಿದ್ದು ನಿವೃತ್ತರಾದವರು. ಇನ್ನೊಬ್ಬರು ಅಂಚೆ ಇಲಾಖೆಯಲ್ಲಿ ದುಡಿದವರು. ನಮಸ್ಕಾರಗಳಾದ ಮೇಲೆ ಮಾತು ಹೀಗೆ ಸಾಗುತ್ತದೆ:

“ಏನ್ ಸಾರ್, ಕೊಡಗಿನಲ್ಲಿ ಮಳೆಯಂತೆ?”

“ಹೌದಂತೆ. ಭಾಗಮಂಡಲದಲ್ಲಿ ನಿನ್ನೆ ರಾತ್ರಿಯೆಲ್ಲ ಸುರಿಯಿತಂತೆ.”

“ಕಟ್ಟೆ ಎಷ್ಟಾಯಿತಂತೆ?”

“ಇನ್ನೂ ತೊಂಬತ್ತು ದಾಟಿಲ್ಲವಂತೆ.”

ಆ ಹೊತ್ತಿನಲ್ಲಿ ಕೆರೆಯ ಮೇಲಿನ ಆಕಾಶದಲ್ಲಿ ಮೋಡವಿದೆ, ಪಡುವಣ ಗಾಳಿಯೂ ಬೀಸುತ್ತಿದೆ. ಮಳೆ ಮಾತ್ರ ಇಲ್ಲ. ಇಬ್ಬರೂ ತಮ್ಮ ತಲೆಯ ಮೇಲಿನ ಆಕಾಶವನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಅವರು ಆಡುವುದೆಲ್ಲ ನೂರಕ್ಕೂ ಹೆಚ್ಚು ಕಿಲೋಮೀಟರು ಆಚೆಯ ಮಳೆಯನ್ನು ಕುರಿತು, ತಾವು ಕಣ್ಣಾರೆ ಕಾಣದ ಮಳೆಯನ್ನು ಕುರಿತು. ಆದ್ದರಿಂದಲೇ ಪ್ರತಿಯೊಂದು ವಾಕ್ಯವೂ ‘ಅಂತೆ’ಯಲ್ಲಿ ಮುಗಿಯುತ್ತದೆ. ಕೇಳಿ ತಿಳಿದುದನ್ನು ಕಂಡು ತಿಳಿದುದರಿಂದ ಬೇರೆಯಾಗಿ ನಿಲ್ಲಿಸುವ ಈ ಪುಟ್ಟ ರೂಪ ಕನ್ನಡದ ಒಂದು ಸೂಕ್ಷ್ಮ ಸಾಧನ. ಹೇಳುವವನು ಸುದ್ದಿಯನ್ನು ತಲುಪಿಸುತ್ತಾನೆ, ಆದರೆ ಅದರ ಸಾಕ್ಷಿಯಾಗಿ ತಾನು ನಿಲ್ಲುವುದಿಲ್ಲ. ಮೈಸೂರಿನವರ ಮಳೆಮಾತಿನ ವ್ಯಾಕರಣವೆಲ್ಲ ಈ ‘ಅಂತೆ’ಯಲ್ಲಿ ಅಡಗಿದೆಯೆಂದರೆ ತಪ್ಪಾಗಲಾರದು.

ಈ ಸಂಗತಿ ಗ್ರಂಥಪಾಲಕರ ಗಮನಕ್ಕೆ ಬಂದದ್ದು ಮೈಸೂರಿನಲ್ಲಲ್ಲ, ಇಂಗ್ಲೆಂಡಿನಲ್ಲಿ. 2012ರ ಬೇಸಿಗೆಯಲ್ಲಿ ಅವರು ಲೆಸ್ಟರ್ ನಗರದಲ್ಲಿದ್ದ ಮಗಳ ಮನೆಗೆ ಹೋಗಿ ಮೂರು ತಿಂಗಳು ತಂಗಿದ್ದರು. ಅಲ್ಲಿಯ ಬೇಸಿಗೆಯೆಂದರೆ ಜೂನ್, ಜುಲೈ, ಆಗಸ್ಟ್. ಅಂದರೆ ಮೈಸೂರಿನ ಮುಂಗಾರಿನ ತಿಂಗಳುಗಳೇ. ಆ ವರ್ಷದ ಬೇಸಿಗೆ ಬ್ರಿಟನ್ನಿನಲ್ಲಿ ಸುಮಾರು ನೂರು ವರ್ಷಗಳಲ್ಲೇ ಅತಿ ಹೆಚ್ಚು ಮಳೆಯಾದ ಬೇಸಿಗೆ ಎನಿಸಿಕೊಂಡಿತು. ಬೆಳಿಗ್ಗೆ ಬೇಲಿಯಾಚೆಯ ಮನೆಯ ವೃದ್ಧೆ, ಬಸ್ ನಿಲ್ದಾಣದಲ್ಲಿ ನಿಂತ ಅಪರಿಚಿತ, ಅಂಗಡಿಯಲ್ಲಿ ಹಣ ಎಣಿಸಿಕೊಳ್ಳುವ ಹುಡುಗ, ಎಲ್ಲರೂ ಅವರೊಡನೆ ಮೊದಲು ಆಡಿದ ಮಾತು ಮಳೆಯದೇ. ಎಲ್ಲರ ದನಿಯಲ್ಲೂ ಒಂದು ಬಗೆಯ ಕ್ಷಮಾಯಾಚನೆ ಇತ್ತು. ದೂರದಿಂದ ಬಂದ ಅತಿಥಿಗೆ ಮನೆಯ ಮಾಡು ಸೋರುವುದು ಕಂಡುಬಿಟ್ಟಿತಲ್ಲ ಎಂಬಂತೆ ಆ ವೃದ್ಧೆ ಮಳೆಗಾಗಿ ಸಂಕೋಚಪಟ್ಟಳು. ‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬ ಗಾದೆಯನ್ನು ಕೇಳುತ್ತ ಬೆಳೆದ ಗ್ರಂಥಪಾಲಕರಿಗೆ ಮಳೆಯ ಸಲುವಾಗಿ ಒಬ್ಬರು ಇನ್ನೊಬ್ಬರ ಕ್ಷಮೆ ಕೇಳುವುದು ವಿಚಿತ್ರವಾಗಿ ಕಂಡಿತು. ಮಗಳಿಗೆ ಹೇಳಿದಾಗ ಅವಳು ನಕ್ಕಳು: “ಅಪ್ಪಾ, ಅವರು ಮಳೆಯ ವಿಷಯ ಮಾತಾಡ್ತಿಲ್ಲ. ನಿಮ್ಮ ಹತ್ತಿರ ಮಾತಾಡ್ಬೇಕು ಅಂತ ಮಳೆಯನ್ನ ಕರೀತಾರೆ, ಅಷ್ಟೇ.”

ಮಗಳ ಮಾತಿನಲ್ಲಿ ಹಳೆಯ ಒಂದು ವಿವೇಚನೆಯ ಪ್ರತಿಧ್ವನಿಯಿದೆ. ಇಬ್ಬರು ಇಂಗ್ಲಿಷರು ಸೇರಿದರೆ ಅವರ ಮೊದಲ ಮಾತು ಹವೆಯನ್ನು ಕುರಿತದ್ದೇ ಆಗಿರುತ್ತದೆ ಎಂಬ ಲೋಕೋಕ್ತಿಯನ್ನು ಸ್ಯಾಮ್ಯುಯೆಲ್ ಜಾನ್ಸನ್ 1758ರಷ್ಟು ಹಿಂದೆಯೇ ತನ್ನ ‘ದಿ ಐಡ್ಲರ್’ ಪ್ರಬಂಧಮಾಲೆಯಲ್ಲಿ ಚರ್ಚಿಸಿದ್ದಾನೆ. ಬಿಸಿಲೋ ಮೋಡವೋ ಇಬ್ಬರಿಗೂ ಮೊದಲೇ ತಿಳಿದಿರುವುದನ್ನೇ ಅವರು ಪರಸ್ಪರ ತಿಳಿಸಿಕೊಳ್ಳುತ್ತಾರೆಂಬುದು ಅವನು ಗುರುತಿಸುವ ಸ್ವಾರಸ್ಯ. ಗಳಿಗೆಗೊಂದು ಬಗೆಯಾಗುವ ದ್ವೀಪದ ಹವೆಯೇ ಇದಕ್ಕೆ ಕಾರಣವೆಂದು ಅವನು ಬಗೆಯುತ್ತಾನೆ. ಹವೆಯ ಮಾತು ಅಪರಿಚಿತರ ನಡುವಿನ ಬಿಗುವನ್ನು ಸಡಿಲಿಸುವ ಒಂದು ಸಾಮಾಜಿಕ ಉಪಾಯವೆಂದು ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ ಇಂಗ್ಲಿಷರ ನಡೆನುಡಿಯನ್ನು ಕುರಿತ ತನ್ನ 2004ರ ಗ್ರಂಥದಲ್ಲಿ ವಿವರಿಸಿದ್ದಾಳೆ. ಆ ಭಾಷೆಯ ವಾಕ್ಯರಚನೆಯೂ ಇದಕ್ಕೆ ಒಪ್ಪುತ್ತದೆ. ಇಂಗ್ಲಿಷರ ಹವೆಯ ಮಾತು ಬಹುತೇಕ ‘ಅಲ್ಲವೆ?’ ಎಂಬ ಪ್ರಶ್ನೆಯಲ್ಲಿ ಮುಗಿಯುತ್ತದೆ. ಎದುರಿಗಿರುವವನು ‘ಹೌದು’ ಎನ್ನಲೆಂದು ತೆರೆದಿಟ್ಟ ಬಾಗಿಲು ಅದು. ಮೈಸೂರಿನ ಮಾತು ‘ಅಂತೆ’ಯಲ್ಲಿ ಮುಗಿಯುತ್ತದೆ. ಒಂದು ಇಬ್ಬರ ತಲೆಯ ಮೇಲಿರುವ ಮಳೆ. ಇನ್ನೊಂದು ಅಲ್ಲಿ ಇಲ್ಲದ ಮೂರನೆಯವರ ಮೇಲೆ ಬೀಳುವ ಮಳೆ.

ಅಳತೆಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ಬೆರಗು ಕಾದಿದೆ. ಮಳೆಗೆ ಹೆಸರಾದ ಲಂಡನ್ ನಗರದ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರು. ಒಣಹವೆಯ ಊರೆಂದು ಹೆಸರಾದ ಮೈಸೂರಿನದು ಸುಮಾರು 800 ಮಿಲಿಮೀಟರು. ಲಂಡನ್ನಿನಲ್ಲಿ ಮಳೆ ವರ್ಷದುದ್ದಕ್ಕೂ ಹನಿಹನಿಯಾಗಿ ಹಂಚಿಹೋಗುತ್ತದೆ. ಮೈಸೂರಿನಲ್ಲಿ ಅದಕ್ಕೆ ಎರಡು ಉಬ್ಬರಗಳಿವೆ: ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲುಗಳೊಡನೆ ಬರುವ ಬೇಸಿಗೆಯ ಮಳೆ, ಅಕ್ಟೋಬರ್ ತಿಂಗಳ ಹಿಂಗಾರು. ನಡುವಿನ ಜೂನ್, ಜುಲೈ ತಿಂಗಳುಗಳಲ್ಲಿ, ಕರಾವಳಿ ಮಲೆನಾಡುಗಳು ಮುಳುಗಿ ಏಳುವ ಹೊತ್ತಿನಲ್ಲಿ, ಮೈಸೂರಿಗೆ ಸಿಗುವುದು ಗಾಳಿಯೊಡನೆ ಹಾರಿಬರುವ ತುಂತುರು. ಪಶ್ಚಿಮಘಟ್ಟದ ಸಾಲು ಮೋಡದ ಹೊರೆಯನ್ನು ಇಳಿಸಿಕೊಂಡ ಮೇಲೆ ಉಳಿದದ್ದು ಇತ್ತ ಬರುತ್ತದೆ. ಭಾಗಮಂಡಲದ ಕಡೆ ಬೀಳುವ ಮಳೆ ಮೈಸೂರಿನ ಮಳೆಯ ಆರೇಳು ಪಟ್ಟು. ಹೀಗೆ ಮೈಸೂರಿಗೂ ಮಳೆಯ ಬೇಸಿಗೆಯೊಂದಿದೆ. ದಸರೆಯ ಸಂಜೆಗಳನ್ನು ನೆನೆಯಿಸುವ ಮಳೆಯೂ ಇದೆ. ಆದರೆ ಊರಿನ ಮಾತಿನಲ್ಲಿ ಇವಕ್ಕೆ ದೊರೆತ ಸ್ಥಾನ ಅಲ್ಪ. ಮೇ ತಿಂಗಳ ಮಳೆಗೆ ಮರ ಉರುಳಿತು, ವಿದ್ಯುತ್ತು ಹೋಯಿತು ಎಂದು ಒಂದು ದಿನ ಆಡಿಕೊಂಡು ಮರೆಯುತ್ತಾರೆ. ತಿಂಗಳುಗಟ್ಟಲೆ ನಡೆಯುವ ಮಾತು ಕೊಡಗಿನ ಮಳೆಯದು.

ಕನ್ನಡದ ಮಳೆಮಾತಿನ ಪರಂಪರೆ ಇಂದು ನಿನ್ನೆಯದಲ್ಲ. ಸುಮಾರು 1025ರ ಕಾಲದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಜ್ಯೋತಿಷ, ಅಂತರ್ಜಲಶೋಧನೆ, ವೃಕ್ಷಾಯುರ್ವೇದಗಳಿಂದ ಹಿಡಿದು ಅಡುಗೆಯವರೆಗೆ ಗೃಹಸ್ಥನಿಗೆ ಬೇಕಾದ ಅರಿವನ್ನು ಒಂದೆಡೆ ತಂದ ಗ್ರಂಥ. ಸುಮಾರು 1300ರಲ್ಲಿದ್ದ ಜೈನಕವಿ ರಟ್ಟಕವಿಯ ‘ರಟ್ಟಮತ’ವಂತೂ ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳನ್ನೇ ವಸ್ತುವಾಗಿಸಿಕೊಂಡ ಕೃತಿ. ಅದೇ ಶತಮಾನದಲ್ಲಿ ಭಾಸ್ಕರನೆಂಬ ಕವಿ ಅದನ್ನು ತೆಲುಗಿಗೆ ತಂದನೆಂಬುದು ಅದಕ್ಕಿದ್ದ ಮನ್ನಣೆಯನ್ನು ಸೂಚಿಸುತ್ತದೆ. ಮಳೆಯನ್ನು ಕುರಿತ ಮಾತು ಹೊತ್ತುಕಳೆಯುವ ಹರಟೆಯಲ್ಲ, ಶಾಸ್ತ್ರವಾಗಿ ಬರೆದಿಡಬೇಕಾದ ವಿದ್ಯೆ ಎಂದು ಭಾವಿಸಿದ ಕಾಲವದು.

ಶಾಸ್ತ್ರದ ಜೊತೆಜೊತೆಗೆ ಜನಪದರು ಕಟ್ಟಿಕೊಂಡ ಲೆಕ್ಕವೂ ಒಂದಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಕಳೆಯುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದೊಂದು ಮಳೆಯೆಂದು ಕರೆದು, ಆ ಮಳೆಗೆ ನಕ್ಷತ್ರದ ಹೆಸರನ್ನೇ ಇಟ್ಟರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಹೆಸರು ಹೇಳುತ್ತ ಹೋದರೆ ಅದೇ ರೈತನ ಪಂಚಾಂಗ. ‘ಭರಣಿ ಮಳೆ ಧರಣಿ ಬೆಳೆ’, ‘ಆರಿದ್ರ ಮಳೆ ಆರದೆ ಹುಯ್ಯುತ್ತದೆ’ ಎಂಬಂತಹ ನಾಣ್ಣುಡಿಗಳು ಮಳೆಯ ಗುಣವನ್ನು ಅದರ ಹೆಸರಿನಲ್ಲಿಯೇ ಕಂಡುಕೊಂಡಿವೆ. ಜುಲೈ 15ರ ಸಂತ ಸ್ವಿದಿನ್ನನ ದಿನ ಮಳೆ ಬಂದರೆ ಮುಂದೆ ನಲವತ್ತು ದಿನ ಬಿಡದೆ ಬರುತ್ತದೆ ಎಂಬ ಇಂಗ್ಲಿಷರ ನಂಬಿಕೆಯೂ ಇದೇ ಜಾತಿಯದು. ಎರಡರ ಹಿಂದಿನ ಆತಂಕ ಮಾತ್ರ ತಿರುವುಮುರುವು. ಅಲ್ಲಿಯವರಿಗೆ ಮಳೆ ನಿಲ್ಲದೆಂಬ ಚಿಂತೆ; ಇಲ್ಲಿಯವರಿಗೆ ಅದು ಬಾರದೆಂಬ ಚಿಂತೆ. ವ್ಯಾಕರಣದಲ್ಲೂ ಅಷ್ಟೆ. ಇಂಗ್ಲಿಷಿನಲ್ಲಿ ಮಳೆಯ ಕ್ರಿಯೆಗೆ ಅರ್ಥವಿಲ್ಲದ ಒಂದು ಸರ್ವನಾಮ ಕರ್ತೃವಾದರೆ, ಕನ್ನಡದಲ್ಲಿ ಮಳೆಯೇ ಕರ್ತೃ. ಅದು ನೆಂಟರಂತೆ ಬರುತ್ತದೆ, ಹೋಗುತ್ತದೆ, ಒಮ್ಮೊಮ್ಮೆ ಕೈಕೊಡುತ್ತದೆ.

ಮೈಸೂರಿನ ಒಂಟಿಕೊಪ್ಪಲು ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದ ಬಡಾವಣೆ. ಯುಗಾದಿಯಂದು ಮನೆಮನೆಗಳಲ್ಲಿ ಓದುವ ಒಂಟಿಕೊಪ್ಪಲ್ ಪಂಚಾಂಗಕ್ಕೆ ಹೆಸರು ಬಂದದ್ದು ಈ ಊರಭಾಗದಿಂದ. ಆ ವರ್ಷದ ಮೇಘಾಧಿಪತಿ ಯಾರು, ಮಳೆ ಎಷ್ಟು ಎಂಬುದನ್ನು ಕೇಳಿಯೇ ಹಿರಿಯರು ಬೇವುಬೆಲ್ಲ ಬಾಯಿಗಿಡುತ್ತಿದ್ದರು. ಅದೇ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ ಕುವೆಂಪು ಅವರು ಬಾಳಿದರು. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಕಾಡು, ಕೆಸರು, ಜಿಗಣೆ, ಜಡಿಮಳೆಗಳೆಲ್ಲ ತೀರ್ಥಹಳ್ಳಿಯ ಕಡೆಯವು. ಅವನ್ನು ನೆನೆದ ಕವಿ ಇದ್ದದ್ದು ತುಂತುರಿನ ಈ ಊರಿನಲ್ಲಿ. ಒಂದು ಮನೆ ಬರಲಿರುವ ಮಳೆಯನ್ನು ಲೆಕ್ಕ ಹಾಕಿತು, ಇನ್ನೊಂದು ಬಿಟ್ಟುಬಂದ ಮಳೆಯನ್ನು ನೆನೆಯಿತು. ಎರಡೂ ಕಡೆ ಮಳೆ ಇದ್ದದ್ದು ಬೇರೆಲ್ಲೋ.

ಬೇರೆಡೆಯ ಮಳೆಯನ್ನು ಕುರಿತ ಈ ಕಾತರಕ್ಕೆ ಇತಿಹಾಸದ ಕಾರಣವೂ ಇದೆ. 1876–78ರ ಮಹಾಕ್ಷಾಮದಲ್ಲಿ ಮಳೆ ಕೈಕೊಟ್ಟಾಗ ಮೈಸೂರು ಸಂಸ್ಥಾನ ಕಂಡ ಸಾವುನೋವು ಅಪಾರ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ನೆನಪು ಮಾಸದ ಕಾಲದಲ್ಲೇ, 1911ರಲ್ಲಿ, ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕಾರ್ಯ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ರೂಪುಗೊಂಡ ಕೃಷ್ಣರಾಜಸಾಗರ 1930ರ ದಶಕದ ಆರಂಭದ ಹೊತ್ತಿಗೆ ಪೂರ್ಣಗೊಂಡಿತು. ಹಳೆಯ ಕನ್ನಂಬಾಡಿ ಗ್ರಾಮ ನೀರಿನಲ್ಲಿ ಮುಳುಗಿತು. ಆದರೆ ಜನರ ಬಾಯಲ್ಲಿ ಅಣೆಕಟ್ಟಿಗೆ ಇಂದಿಗೂ ಕನ್ನಂಬಾಡಿ ಕಟ್ಟೆ, ಅಥವಾ ಬರಿಯ ‘ಕಟ್ಟೆ’ ಎಂದೇ ಹೆಸರು.

ಕಟ್ಟೆ ಮಳೆಮಾತಿನ ರೂಪವನ್ನೇ ಬದಲಾಯಿಸಿತು. ನಕ್ಷತ್ರದ ಹೆಸರುಗಳು ಇದ್ದಲ್ಲಿ ಅಂಕಿಗಳು ಬಂದವು. 124.80 ಅಡಿ ಎಂಬ ಗರಿಷ್ಠ ಮಟ್ಟವನ್ನು ತಿಳಿಯದವರು ಮೈಸೂರು, ಮಂಡ್ಯಗಳಲ್ಲಿ ಇಲ್ಲವೆನ್ನಬಹುದು. ಮುಂಗಾರಿನ ದಿನಗಳಲ್ಲಿ ಸ್ಥಳೀಯ ಪತ್ರಿಕೆಗಳು ಇಂದಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ನಿತ್ಯವೂ ಅಚ್ಚುಹಾಕುತ್ತವೆ. ಕ್ಯೂಸೆಕ್, ಟಿಎಂಸಿ ಎಂಬ ಎಂಜಿನಿಯರರ ಪದಗಳು ಹೂವು ಮಾರುವವರ ಬಾಯಿಗೂ ಬಂದಿವೆ. ಕುಡಿಯುವ ನೀರು, ವಿಶ್ವೇಶ್ವರಯ್ಯ ನಾಲೆಯ ಬತ್ತ ಮತ್ತು ಕಬ್ಬು, ನೆರೆರಾಜ್ಯಕ್ಕೆ ಬಿಡಬೇಕಾದ ಪಾಲು ಇವೆಲ್ಲವೂ ಆ ಒಂದು ಅಂಕಿಗೆ ಕಟ್ಟುಬಿದ್ದಿರುವಾಗ ಇದು ಸಹಜವೇ. ಗ್ರಂಥಪಾಲಕರು ಲೆಸ್ಟರಿನಲ್ಲಿ ಮಳೆಗೆ ಕೊಡೆ ಹಿಡಿದು ಓಡಾಡುತ್ತಿದ್ದ 2012ರಲ್ಲೇ ಕಾವೇರಿ ಕಣಿವೆಯಲ್ಲಿ ಮುಂಗಾರು ಸೊರಗಿತ್ತು. ಸೆಪ್ಟೆಂಬರಿನಲ್ಲಿ ಅವರು ಹಿಂದಿರುಗುವ ಹೊತ್ತಿಗೆ ನೀರಿನ ವಿವಾದ ಬೀದಿಗೆ ಬಂದಿತ್ತು. ಬೇಡವೆಂದವರ ಮೇಲೆ ಸುರಿದ ಮಳೆಯನ್ನು ಕಂಡುಬಂದವರಿಗೆ ಬೇಕೆಂದವರ ಒಣಕಟ್ಟೆ ಎದುರಾಯಿತು.

ಮೈಸೂರಿನ ಈ ಮನಃಸ್ಥಿತಿಯನ್ನು ಕಥೆಯಾಗಿಸಿದವರು ಆರ್. ಕೆ. ನಾರಾಯಣ್. 1958ರ ಅವರ ‘ದಿ ಗೈಡ್’ ಕಾದಂಬರಿಯ ನಾಯಕ ರಾಜು ತಾನು ಬಯಸದೆಯೇ ಸಂತನಾಗಿ, ಬರಗಾಲದ ಹಳ್ಳಿಗಾಗಿ ಉಪವಾಸ ಕೂರುತ್ತಾನೆ. ಕೊನೆಯಲ್ಲಿ, ನದಿಯ ನೀರಿನಲ್ಲಿ ನಿಂತ ಅವನಿಗೆ, ದೂರದ ಬೆಟ್ಟಗಳಲ್ಲಿ ಮಳೆಯಾಗುತ್ತಿದೆಯೆಂಬ ಅರಿವು ಕಾಲಿನ ಕೆಳಗಿನಿಂದ ಬರುತ್ತದೆ. ಮೈಸೂರಿನಲ್ಲಿ ಬರ ಬಿದ್ದಾಗ ಬ್ರಾಹ್ಮಣರು ನೀರಿನಲ್ಲಿ ನಿಂತು ಮಳೆಗಾಗಿ ಪ್ರಾರ್ಥಿಸಿದ ಸಂಗತಿಯೇ ಕೃತಿಗೆ ಪ್ರೇರಣೆಯೆಂದು ಅವರು 1974ರ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಹಳ್ಳಿಯ ಮೇಲೆ ಮಳೆ ಬಿತ್ತೋ ಇಲ್ಲವೋ ಕಾದಂಬರಿ ಹೇಳುವುದಿಲ್ಲ. ಬೆಟ್ಟಗಳಲ್ಲಿ ಮಳೆಯಾಗುತ್ತಿದೆ ಎಂಬ ನಂಬಿಕೆಯೇ ಬಯಲಿನವನಿಗೆ ಸಾಕಾಗಿದೆ. ಸಾಯುವ ಗಳಿಗೆಯಲ್ಲೂ ಮೈಸೂರಿನವನ ಮಳೆ ಬೇರೆಡೆಯದೇ.

ಬೆಟ್ಟದ ಮೇಲಿನವರಿಗೆ ಆ ಮಳೆ ಏನು ಎಂಬ ಪ್ರಶ್ನೆ ಈ ಮಾತುಗಳಲ್ಲಿ ಏಳುವುದು ವಿರಳ. ಗ್ರಂಥಪಾಲಕರಿಗೂ ಅದು ಬಹುಕಾಲ ಎದ್ದಿರಲಿಲ್ಲ. ಅವರ ಹಳೆಯ ಸ್ನೇಹಿತರೊಬ್ಬರು ಮಡಿಕೇರಿಯ ಸಮೀಪ, ಮಕ್ಕಂದೂರಿನ ಕಡೆ ಇದ್ದವರು. ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾಗಿ, ಇದ್ದ ತುಂಡು ಕಾಫಿ ತೋಟವನ್ನು ನೋಡಿಕೊಳ್ಳುತ್ತಿದ್ದರು. ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಬೆಳಿಗ್ಗೆ ಎದ್ದೊಡನೆ ಇಂಚು ಸೆಂಟುಗಳಲ್ಲಿ ಮಳೆಯನ್ನು ಬರೆದಿಡುವುದು ಆ ನಾಡಿನ ಬೆಳೆಗಾರರ ರೂಢಿ, ಮೇಷ್ಟರದೂ ಅದೇ. ಪ್ರತಿ ವರ್ಷ ಮೃಗಶಿರ ಮಳೆ ಹುಟ್ಟಿದೊಡನೆ ಮೈಸೂರಿನಿಂದ ಫೋನು ಹೋಗುತ್ತಿತ್ತು.

“ಮಳೆ ಹೇಗಿದೆ ಮೇಷ್ಟ್ರೇ?”

“ನಿಮ್ಮ ಕಟ್ಟೆ ತುಂಬುವಷ್ಟಿದೆ ಸಾರ್. ನಿನ್ನೆ ಐದು ಇಂಚು.”

ಈ ಅಂಕಿ ಮರುದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸುದ್ದಿಯಾಗುತ್ತಿತ್ತು. ಪತ್ರಿಕೆಗಿಂತ ಮೊದಲೇ ಕೊಡಗಿನ ಮಳೆಯ ಲೆಕ್ಕ ಹೇಳಬಲ್ಲವರೆಂದು ಗ್ರಂಥಪಾಲಕರಿಗೆ ಸಹಚರರಲ್ಲಿ ಒಂದು ಗೌರವವೂ ಇತ್ತು. ಕಟ್ಟೆ ತುಂಬಿದ ಸುದ್ದಿ ಬಂದ ಮೇಲೆ ಫೋನು ನಿಲ್ಲುತ್ತಿತ್ತು. ಮತ್ತೆ ಮಾತು ದಸರೆಗೋ ಕಾವೇರಿ ಸಂಕ್ರಮಣಕ್ಕೋ.

2018ರಲ್ಲಿ ಕಟ್ಟೆ ಬೇಗನೆ ತುಂಬಿತು. ಜುಲೈ 20ರಂದು ಅಂದಿನ ಮುಖ್ಯಮಂತ್ರಿಗಳು ಕೃಷ್ಣರಾಜಸಾಗರದಲ್ಲಿ ಬಾಗಿನ ಅರ್ಪಿಸಿದರು. ಬರದ ವರ್ಷಗಳನ್ನು ಕಂಡ ಊರಿಗೆ ನೆಮ್ಮದಿಯಾಯಿತು, ಮಳೆಮಾತು ಮುಗಿಯಿತು. ಆದರೆ ಕೊಡಗಿನಲ್ಲಿ ಮಳೆ ಮುಗಿದಿರಲಿಲ್ಲ. ಕಕ್ಕಡ ಕಳೆದರೂ ಬಿಡದೆ ಹುಯ್ದ ಮಳೆಗೆ ನೆಲ ನೀರುಂಡು ಮೆತ್ತಗಾಗಿತ್ತು. ಆಗಸ್ಟ್ ನಡುಭಾಗದ ಎರಡು ಮೂರು ದಿನಗಳಲ್ಲಿ ಮಕ್ಕಂದೂರು, ಜೋಡುಪಾಲ, ಹೆಮ್ಮೆತ್ತಾಳು ಮೊದಲಾದೆಡೆ ಬೆಟ್ಟಗಳೇ ಜಾರಿ ಬಂದವು. ತೋಟ, ಮನೆ, ರಸ್ತೆಗಳು ಕೆಸರಿನಲ್ಲಿ ಹೂತುಹೋದವು. ಹಲವರು ಪ್ರಾಣ ಕಳೆದುಕೊಂಡರು. ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ಸುದ್ದಿ ತಿಳಿದ ಗ್ರಂಥಪಾಲಕರು ಮೇಷ್ಟರಿಗೆ ಫೋನು ಮಾಡಿದರು. ಎರಡು ದಿನ ಸಂಪರ್ಕ ದೊರೆಯಲಿಲ್ಲ. ಮೂರನೆಯ ದಿನ ಮಡಿಕೇರಿಯ ಪರಿಹಾರ ಕೇಂದ್ರದಿಂದ ಮೇಷ್ಟರ ದನಿ ಕೇಳಿತು. ಮನೆಯವರೆಲ್ಲ ಕ್ಷೇಮ, ಮನೆ ಉಳಿದಿಲ್ಲ. ಇಷ್ಟು ಹೇಳಿದ ಮೇಲೆ ಮೇಷ್ಟರು, ಯಾವ ಕೊಂಕೂ ಇಲ್ಲದೆ, ನಿಜವಾದ ಅಚ್ಚರಿಯಿಂದ ಕೇಳಿದರು:

“ಕಟ್ಟೆ ತುಂಬಿದೆಯಲ್ಲ ಸಾರ್, ಮತ್ತೆ ಫೋನು ಮಾಡಿದಿರಲ್ಲ?”

ಈ ಪ್ರಶ್ನೆಗೆ ಅಂದು ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ತಾವು ಕೇಳುತ್ತಿದ್ದುದು ಸ್ನೇಹಿತರ ಊರಿನ ಮಳೆಯನ್ನಲ್ಲ, ತಮ್ಮ ಊರಿನ ನೀರನ್ನು ಎಂಬುದು ಅವರಿಗೆ ಅರಿವಾಯಿತು. ಮೇಷ್ಟರಿಗೆ ಅದು ಮೊದಲಿನಿಂದಲೂ ತಿಳಿದಿತ್ತು. ತಿಳಿದೂ ಅವರು ಪ್ರತಿ ಬೆಳಿಗ್ಗೆ ಮಾಪಕವನ್ನು ನೋಡಿ ಇಂಚಿನ ಲೆಕ್ಕ ಹೇಳುತ್ತ ಬಂದಿದ್ದರು.

ಇದು ಒಬ್ಬರ ಕಥೆ ಮಾತ್ರವಲ್ಲ. 2024ರ ಜುಲೈ 29ರಂದು ಮುಖ್ಯಮಂತ್ರಿಗಳು ಕೃಷ್ಣರಾಜಸಾಗರಕ್ಕೂ ಕಬಿನಿ ಜಲಾಶಯಕ್ಕೂ ಬಾಗಿನ ಅರ್ಪಿಸಿದರು. ಹಿಂದಿನ ವರ್ಷ ಬರದಲ್ಲಿ ಬಳಲಿದ ಜನರಿಗೆ ಅದು ಹಬ್ಬ. ಕಬಿನಿ ತುಂಬುವುದು ಕೇರಳದ ವಯನಾಡಿನ ಮಳೆಯಿಂದ. ಮರುದಿನ, ಜುಲೈ 30ರ ನಸುಕಿನಲ್ಲಿ, ಅದೇ ವಯನಾಡು ಜಿಲ್ಲೆಯ ಮುಂಡಕೈ, ಚೂರಲ್‌ಮಲ ಗ್ರಾಮಗಳ ಮೇಲೆ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಕುಸಿದ ಆ ಬೆಟ್ಟದ ನೀರು ಪಡುವಣಕ್ಕೆ ಹರಿಯುವ ಚಾಲಿಯಾರ್ ನದಿಯದು, ಕಬಿನಿಯದಲ್ಲ. ಆದರೆ ಮೋಡದ ಸಾಲು ಒಂದೇ. ಬಾಗಿನ ಕೊಟ್ಟುದು ತಪ್ಪೆಂದು ಯಾರೂ ಹೇಳಲಾರರು. ಒಂದು ಕಡೆಯ ಹಬ್ಬವೂ ಇನ್ನೊಂದು ಕಡೆಯ ಹಾನಿಯೂ ಒಂದೇ ಮಳೆಯಿಂದ ಬರಬಲ್ಲವೆಂಬುದನ್ನು ಆ ಎರಡು ದಿನಗಳು ತೋರಿಸಿದವು.

ಮಳೆಯನ್ನು ಇತರರ ದೃಷ್ಟಿಯಿಂದ ಕಾಣುವ ರೀತಿ ಈ ನೆಲಕ್ಕೆ ಅಪರಿಚಿತವಲ್ಲ. ಜೈನ ಮುನಿಗಳು ಆಷಾಢದಿಂದ ಕಾರ್ತಿಕದವರೆಗೆ ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಗೊಳ್ಳುವ ವರ್ಷಾಯೋಗಕ್ಕೆ ಕಾರಣ ದಾರಿಯ ಕಷ್ಟವಲ್ಲ. ಮಳೆಗೆ ಹುಟ್ಟಿದ ಹುಲ್ಲು, ಹುಳು, ಸೂಕ್ಷ್ಮಜೀವಿಗಳು ಕಾಲಿಗೆ ಸಿಕ್ಕಾವೆಂಬ ಎಚ್ಚರ. ತನ್ನ ಮೇಲೆ ಬೀಳುವ ಮಳೆಗಿಂತ ಅದರಿಂದ ಬದುಕುವ ಇತರ ಜೀವಗಳ ಚಿಂತೆ ಅಲ್ಲಿ ಮೊದಲು. ನಿತ್ಯದ ಶಾಂತಿಪಾಠವೂ ಬರಿದೆ ಮಳೆ ಬರಲೆಂದು ಬೇಡುವುದಿಲ್ಲ. ಎಲ್ಲ ಪ್ರಜೆಗಳ ಕ್ಷೇಮವನ್ನು ಮೊದಲು ಬಯಸಿ, ಕಾಲಕಾಲಕ್ಕೆ, ತಕ್ಕ ರೀತಿಯಲ್ಲಿ ಮಳೆಯಾಗಲೆಂದು ಕೋರುತ್ತದೆ. ‘ತಕ್ಕ ರೀತಿಯಲ್ಲಿ’ ಎಂಬ ವಿಶೇಷಣದಲ್ಲಿ ಬಯಲಿನವನ ಬಯಕೆಯೂ ಬೆಟ್ಟದವನ ಭಯವೂ ಒಟ್ಟಿಗೆ ಸೇರಿವೆ. ಹದಮಳೆ ಎಂಬ ಅಚ್ಚಗನ್ನಡದ ಮಾತಿನ ಅರ್ಥವೂ ಅದೇ.

ಲೋಕರೂಢಿಯಲ್ಲಿಯೂ ಈ ವಿವೇಕವಿತ್ತು. ಮನೆಗೆ ಬಂದ ನೆಂಟರಿಗೆ ಕಾಲಿಗೆ ನೀರು, ಕುಡಿಯಲು ನೀರು, ಕಚ್ಚಿಕೊಳ್ಳಲು ಬೆಲ್ಲ ಕೊಟ್ಟ ಮೇಲೆ ಹಿರಿಯರು ಕೇಳುತ್ತಿದ್ದ ಪ್ರಶ್ನೆ ‘ನಿಮ್ಮ ಕಡೆ ಮಳೆ ಬೆಳೆ ಹೇಗೆ?’ ಎಂದು. ಹಳೆಯ ಕಾಗದಗಳ ಒಕ್ಕಣೆಯಲ್ಲೂ ಉಭಯಕುಶಲೋಪರಿಯ ಬೆನ್ನಿಗೇ ಈ ಪ್ರಶ್ನೆ ಬರುತ್ತಿತ್ತು. ಆ ಮಳೆಯಿಂದ ಕೇಳುವವನ ಹೊಲ ನೆನೆಯುತ್ತಿರಲಿಲ್ಲ, ಅವನ ಕೆರೆ ತುಂಬುತ್ತಿರಲಿಲ್ಲ. ಎದುರಿಗಿರುವವನ ಕ್ಷೇಮವನ್ನು ತಿಳಿಯಲು ಅದಕ್ಕಿಂತ ನೇರವಾದ ಪ್ರಶ್ನೆ ಬೇರೆ ಇರಲಿಲ್ಲವಾದ್ದರಿಂದ ಕೇಳುತ್ತಿದ್ದರು. ಬಾಗಿನದ ಸಂಪ್ರದಾಯವನ್ನೂ ಈ ಬೆಳಕಿನಲ್ಲಿ ನೋಡಬಹುದು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಧಾನ್ಯಗಳನ್ನಿಟ್ಟು ಕೊಡುವುದು ಮುತ್ತೈದೆಗೆ, ತವರಿಗೆ ಬಂದ ಅಥವಾ ತವರಿನಿಂದ ಬಂದ ಹೆಣ್ಣುಮಗಳಿಗೆ. ಕಾವೇರಿಯ ತವರು ಕೊಡಗು. ಮಡಿಲು ತುಂಬಿ ಮಗಳನ್ನು ಬರಮಾಡಿಕೊಂಡವರು ತವರಿನ ಕ್ಷೇಮವನ್ನು ವಿಚಾರಿಸದಿದ್ದರೆ ಶಾಸ್ತ್ರ ಅರ್ಧಕ್ಕೇ ನಿಂತಂತೆ.

ಇಂಗ್ಲಿಷರ ಮಳೆಮಾತನ್ನು ಹುರುಳಿಲ್ಲದ್ದೆಂದು ನಗುವುದು ಸುಲಭ. ಅದರಲ್ಲಿ ಸುದ್ದಿಯಿಲ್ಲದಿರಬಹುದು, ಎದುರಿಗಿರುವವನ ಕಡೆಗೆ ಒಂದು ಹೆಜ್ಜೆಯಾದರೂ ಇದೆ. ಮೈಸೂರಿನ ಮಳೆಮಾತಿನಲ್ಲಿ ಸುದ್ದಿಯಿದೆ, ಅಂಕಿಯಿದೆ, ಬದುಕಿನ ಅಗತ್ಯವೂ ಇದೆ. ಆ ಮಳೆಯಲ್ಲಿ ನಿಂತವನ ಕಡೆಗೆ ಹೆಜ್ಜೆಯಿದೆಯೇ ಎಂಬುದೇ ಕೇಳಿಕೊಳ್ಳಬೇಕಾದ ಪ್ರ‍ಶ್ನೆ. ‘ಅಂತೆ’ ಎನ್ನುವವನು ತಾನು ಕಂಡಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಕಾಣದ್ದರಿಂದ ಪ್ರಯೋಜನ ಪಡೆಯುವವನಿಗೆ ಅದನ್ನು ಕೇಳಿ ತಿಳಿಯುವ ಹೊಣೆಯೂ ಇದೆ. ಕಟ್ಟೆ ತುಂಬಿದ ದಿನ ಆ ಹೊಣೆ ತೀರುವುದಿಲ್ಲ.

2025ರಲ್ಲಿ ಮುಂಗಾರು ಬೇಗನೆ ಬಂತು. ಕೃಷ್ಣರಾಜಸಾಗರ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಜೂನ್ ತಿಂಗಳಲ್ಲಿ ತುಂಬಿ, 30ರಂದು ಬಾಗಿನವೂ ಸಂದಿತು. ಊರೆಲ್ಲ ಅದೇ ಮಾತು. ಅಂದು ಸಂಜೆ ಗ್ರಂಥಪಾಲಕರು ಮಡಿಕೇರಿಗೆ ಫೋನು ಮಾಡಿದರು. ಮೇಷ್ಟರು ಈಗ ಇರುವುದು ಬೇರೆ ಮನೆಯಲ್ಲಿ. ಹಿಂದೆ ಮಣ್ಣಿನ ಬರೆ, ಮುಂದೆ ರಸ್ತೆ. ಅಂಗಳದಲ್ಲಿ ಮಳೆಮಾಪಕ ಇದೆ.

“ಮೂರು ಇಂಚು ಸಾರ್ ನಿನ್ನೆ,” ಎಂದು ಮೇಷ್ಟರು ರೂಢಿಯಂತೆ ಆರಂಭಿಸಿದರು.

“ಅದಿರಲಿ ಮೇಷ್ಟ್ರೇ. ಮನೆಯ ಹಿಂದಿನ ಬರೆ ಹೇಗಿದೆ?”

ಆ ಕಡೆ ತುಸು ಹೊತ್ತು ಮೌನ. ಬಳಿಕ ಮೇಷ್ಟರು ಬರೆಯ ವಿಷಯವನ್ನು ವಿವರವಾಗಿ ಹೇಳಿದರು. ಎಲ್ಲಿ ಬಿರುಕು ಕಂಡಿತ್ತು, ಎಲ್ಲಿ ಚರಂಡಿ ತೆಗೆಸಿ ನೀರನ್ನು ಬೇರೆಡೆಗೆ ತಿರುಗಿಸಿದ್ದಾರೆ, ರಾತ್ರಿ ಜೋರಾದರೆ ಯಾರ ಮನೆಗೆ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದಾರೆ ಎಂಬುದನ್ನೆಲ್ಲ ಹೇಳಿದರು. ಅಷ್ಟು ದೀರ್ಘವಾಗಿ ಅವರು ಮಳೆಯನ್ನು ಕುರಿತು ಹಿಂದೆಂದೂ ಮಾತಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಂಚೆ ಇಲಾಖೆಯ ಹಿರಿಯರು ದೂರದಿಂದಲೇ ಕೈಯೆತ್ತಿದರು.

“ಸಾರ್, ಕಟ್ಟೆ ತುಂಬಿತಂತೆ!”

“ತುಂಬಿತಂತೆ,” ಎಂದರು ಗ್ರಂಥಪಾಲಕರು. “ಅಲ್ಲಿ ಬರೆಯೂ ನಿಂತಿದೆಯಂತೆ.”

ಯಾವ ಬರೆ ಎಂದು ಅವರು ಕೇಳಿದರು. ಇಬ್ಬರೂ ಮಾತಾಡುತ್ತ ಏರಿಯ ಇನ್ನೊಂದು ಸುತ್ತು ಹೊರಟರು.